ಇಸ್ತ್ರಿ ಹೆಜ್ಜೆ

ಕೊನೆಯ ದಿನವೂ ಗಂಡ ಇಸ್ತ್ರಿ ಅಂಗಡಿಯ ಮುಂದಿನ ನೆಲ ಒರೆಸಿದ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಅಂಗೈಯಿಂದ ಸವರಿ ನೋಡಿದ. ಒಂದು ಹರಳು ಸಿಕ್ಕಿತು. ಮೋರಿಗೆ ಎಸೆದ.

“ಗಿರಾಕಿ ಚಪ್ಪಲಿ ಬಿಡೋ ಜಾಗಕ್ಕೆ ಇಷ್ಟು ಉಪಚಾರಾನಾ?” ಎಂದಳು ಹೆಂಡತಿ. “ಒಂದಿನ ನನ್ನ ಬೆನ್ನೂ ಹೀಗೆ ಸವರಿ ನೋಡ್ರೀ.”

“ನಿನ್ನ ಬೆನ್ನಲ್ಲಿ ಹರಳಿಲ್ಲ, ನಾಲಿಗೇಲಿದೆ.”

ಸಂಜೆ ಬೀದಿಯ ಹುಡುಗ ಹುಡುಗಿಯರು ಬಂದರು. ಅವರು ಕುಣಿಯುತ್ತಿದ್ದುದು ಅದೇ ನೆಲದ ಮೇಲೆ. ತಲೆಕೆಳಗಾಗಿ ನಿಲ್ಲುವುದು, ಬೆನ್ನ ಮೇಲೆ ಗಿರಗಿರ ತಿರುಗುವುದು. ಎಲ್ಲರಿಗಿಂತ ಚೆನ್ನಾಗಿ ತಿರುಗುವ ಹುಡುಗಿಗೆ ಬುಗುರಿ ಎಂದೇ ಹೆಸರು ಬಿದ್ದಿತ್ತು.

ಗಂಡ ಎಂದಿನಂತೆ ರೇಗಿದ. “ಕತ್ತೆ ಹೊರಳಿದ ಹಾಗೆ ಹೊರಳ್ತೀರಲ್ಲೋ! ಕತ್ತು ಮುರ್ಕೊಂಡ್ರೆ ಇಸ್ತ್ರಿ ಹಾಕಿ ನೆಟ್ಟಗೆ ಮಾಡೋಕಾಗಲ್ಲ.”

ಅವರು ನಕ್ಕರು. ಆ ರಾತ್ರಿ ಉಂಡು ಮಲಗಿದ ಗಂಡ ಬೆಳಗ್ಗೆ ಏಳಲಿಲ್ಲ.

ಹೆಂಡತಿ ಅಳಲಿಲ್ಲ. ಅಳು ಬರಲಿಲ್ಲ, ಮಾತೂ ಬರಲಿಲ್ಲ. ಅಂಗಡಿ ತೆರೆದಳು, ಇಸ್ತ್ರಿ ಹಾಕಿದಳು, ಮಡಿಸಿ ಕೊಟ್ಟಳು. ಎದೆಯಲ್ಲಿ ಬೀಸುವ ಕಲ್ಲು ಕೂತಿತ್ತು. ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

“ಒಂದು ಸಲ ಅತ್ತುಬಿಡಿ ಅತ್ತಿಗೆ. ಹೀಗೇ ಇದ್ರೆ ನೀವೂ ಉಳಿಯಲ್ಲ,” ಎಂದ ಮೈದುನ. ಅದು ಅವಳಿಗೂ ಗೊತ್ತಿತ್ತು.

ಸಾವಾದ ಮನೆಯ ಮುಂದೆ ಕುಣಿಯಬಾರದೆಂದು ಮಕ್ಕಳು ತಾವೇ ತೀರ್ಮಾನಿಸಿ, ಬಸ್ ನಿಲ್ದಾಣದ ಹಿಂದಿನ ಒರಟು ನೆಲಕ್ಕೆ ಹೋದರು. ಒಂದು ದಿನ ಬುಗುರಿ ಬಟ್ಟೆ ಕೊಡಲು ಬಂದಳು. ಮೊಣಕೈಯೆಲ್ಲ ತರಚಿತ್ತು.

“ಏನೇ ಇದು?”

“ಅಲ್ಲಿ ಬರೀ ಮರಳು ಅತ್ತೆ. ಇಲ್ಲಾದ್ರೆ ಮಾಮ ದಿನಾ ಒರೆಸಿಡ್ತಿದ್ರು.”

“ನಿಮಗೋಸ್ಕರಾನಾ?”

“ಮತ್ತಿನ್ಯಾರಿಗೆ? ನಿಮಗೆ ಹೇಳಲೇ ಇಲ್ವಾ?”

“ಆ ಮನುಷ್ಯ ಬೈಗುಳ ಬಿಟ್ಟು ಏನನ್ನ ಬಾಯಿಬಿಟ್ಟು ಹೇಳಿದ್ದಾನೆ?” ಎಷ್ಟೋ ದಿನಗಳ ಮೇಲೆ ಅವಳ ಬಾಯಿಂದ ಅಷ್ಟುದ್ದದ ಮಾತು ಬಂದಿತ್ತು. “ನಾಳೆಯಿಂದ ಇಲ್ಲಿಗೇ ಬನ್ನಿ.”

ಬಂದರು. ಮೈದುನ ಕೆಂಡವಾದ. “ಅಣ್ಣ ಹೋಗಿ ಇನ್ನೂ ತಿಂಗಳಾಗಿಲ್ಲ! ನೋಡಿದೋರು ಏನಂತಾರೆ?”

“ನೋಡಲಿ ಬಿಡು. ನೋಡ್ಲಿ ಅಂತ ತಾನೇ ಕುಣಿಯೋದು.”

ಆ ಗುಂಪಿಗೆ ಒಂದು ಕಟ್ಟಳೆಯಿತ್ತು. ಮನಸ್ಸು ಕೆಟ್ಟವರು ನಡುವೆ ಬರಬೇಕು. ಏನಾಯಿತೆಂದು ಯಾರೂ ಕೇಳಬಾರದು. ಅವರು ಕುಣಿದ ಹಾಗೇ ಸುತ್ತಲಿದ್ದವರೂ ಕುಣಿಯಬೇಕು. ಅಪ್ಪ ಹೊಡೆದ ದಿನ, ಪರೀಕ್ಷೆ ಕೈಕೊಟ್ಟ ದಿನ, ಒಬ್ಬೊಬ್ಬರೂ ಹಾಗೆ ನಡುವೆ ನಿಂತವರೇ.

ಬುಗುರಿ ಕೈ ಚಾಚಿದಳು. “ಬನ್ನಿ ಅತ್ತೆ.”

“ಇಸ್ತ್ರಿ ಹಾಕೋದು ಬಿಟ್ಟು ನನಗೇನೇ ಬರುತ್ತೆ?”

“ಅದನ್ನೇ ಹಾಕಿ.”

ನಡುವೆ ಹೋಗಿ ನಿಂತಳು. ಸ್ಪೀಕರಿನಲ್ಲಿ ತಾಳ ದಬದಬ ಬಡಿಯುತ್ತಿತ್ತು. ಇಲ್ಲದ ನೀರನ್ನು ಚಿಮುಕಿಸಿದಳು. ಇಲ್ಲದ ಪೆಟ್ಟಿಗೆ ಹಿಡಿದು, ಒಂದು ಕಾಲು ಮುಂದಿಟ್ಟು, ಬಗ್ಗಿ ಒತ್ತಿದಳು, ಎಳೆದಳು. ಸೊಂಟ ತಾನಾಗಿ ತೂಗಿತು. ಗಂಡ ಇಸ್ತ್ರಿ ಹಾಕುತ್ತಿದ್ದುದು ಥೇಟ್ ಹೀಗೆ. ಸುತ್ತಲೂ ಮಕ್ಕಳೆಲ್ಲ ಚಿಮುಕಿಸಿದರು, ಒತ್ತಿದರು, ಎಳೆದರು. ಬೀದಿ ತುಂಬ ಅವನೇ ನಿಂತ ಹಾಗಾಯಿತು.

ಕಲ್ಲು ಒಡೆಯಿತು. ಅವಳು ಬೋರೆಂದು ಅತ್ತಳು. ಕೈ ಮಾತ್ರ ನಿಲ್ಲಿಸಲಿಲ್ಲ. ಮಕ್ಕಳೂ ನಿಲ್ಲಿಸಲಿಲ್ಲ.

“ಅಲ್ಲ ಅತ್ತಿಗೆ!” ಮೈದುನ ತಡೆಯಲಾರದೆ ಕೂಗಿದ. “ಮಡಿಸೋಕೆ ಮುಂಚೆ ಅಣ್ಣ ಎರಡು ಸಲ ಒದರ್ತಿದ್ದ!”

“ಅಲ್ಲಿ ನಿಂತು ಏನು ಒದರ್ತೀಯ? ಬಂದು ಒದರಿ ತೋರಿಸು.”

ಬಂದ. ತೋರಿಸಿದ. ಅಳುತ್ತಲೇ ಅವಳಿಗೆ ನಗು ಬಂತು. ಮಾಳಿಗೆಗಳಿಂದ ಚಪ್ಪಾಳೆ ಬಿತ್ತು. ಅಂದು ತುತ್ತು ಇಳಿಯಿತು. ಎರಡನೇ ಸಲ ಬಡಿಸಿಕೊಂಡಳು.

ಈಗ ಬೇರೆ ಬೀದಿಯ ಮಕ್ಕಳೂ ಇಸ್ತ್ರಿ ಹೆಜ್ಜೆ ಕಲಿಯಲು ಅಲ್ಲಿಗೇ ಬರುತ್ತಾರೆ. ಕಾಲು ತಪ್ಪಿದರೆ ಅವಳು ಬೈಯುತ್ತಾಳೆ, ಗಂಡನ ಬೈಗುಳವನ್ನೇ.

ಬೆಳಗ್ಗೆ ಎದ್ದು ನೆಲ ಒರೆಸುತ್ತಾಳೆ. ಆಮೇಲೆ ಅಂಗೈಯಿಂದ ಸವರಿ ನೋಡುತ್ತಾಳೆ. ಹರಳು ಸಿಕ್ಕರೆ ಮೋರಿಗೆ ಎಸೆದು, ಅಂಗಡಿಯ ಬಾಗಿಲು ತೆರೆಯುತ್ತಾಳೆ.