ಕಾಕು ಗೆದ್ದ ಬ್ಯಾಟು

ಕುಕ್ಕರಿನ ರಬ್ಬರು ತರಲೆಂದು ಕೋಥರೂಡದ ನಮ್ಮ ಮನೆಯ ಹತ್ತಿರದ ಮಾಲಿಗೆ ಹೋಗಿದ್ದೆ. ಒಳಗೆ ಕಾಲಿಡುತ್ತಲೇ ಗಾಜಿನ ಪೆಟ್ಟಿಗೆಯೊಂದರಲ್ಲಿ ಹಳೆಯ ವಿಡಿಯೋ ಗೇಮ್ ಕಂಡಿತು. ಹಳದಿ ತಿರುಗಿದ ಬಿಳಿ ಡಬ್ಬಿ, ಅದರ ಬಾಯಿಗೆ ಸಿಕ್ಕಿಸಿದ ಕ್ಯಾಸೆಟ್ಟು, ವಯರು ಸುತ್ತಿಟ್ಟ ಎರಡು ರಿಮೋಟು. ತವರಿನವರನ್ನು ಕಂಡ ಹಾಗಾಗಿ ನಿಂತುಬಿಟ್ಟೆ. ಆಮೇಲೆ ಪಕ್ಕದ ಫಲಕ ನೋಡಿದೆ. ಮೈ ಉರಿಯಿತು.

ಫಲಕದ ಮೇಲೆ ಒಂದು ಚಿತ್ರ. ಟೀವಿಯ ಮುಂದೆ ಇಬ್ಬರು ಹುಡುಗರು ಕಣ್ಣರಳಿಸಿಕೊಂಡು ಆಡುತ್ತಿದ್ದಾರೆ. ಬಾಗಿಲಲ್ಲಿ ಒಬ್ಬ ಹೆಂಗಸು ಲಟ್ಟಣಿಗೆ ಎತ್ತಿ ಹಲ್ಲು ಕಡಿಯುತ್ತಿದ್ದಾಳೆ. ಕೆಳಗೆ ಮರಾಠಿಯಲ್ಲಿ ಬರೆದದ್ದರ ಅರ್ಥ ಇಷ್ಟು: ಅಮ್ಮನ ಕಣ್ಣು ತಪ್ಪಿಸಿ ಅಪ್ಪ ಗೆದ್ದ ಆಟಗಳು.

ಈ ಹಳೆಯ ಆಟಗಳ ಪ್ರದರ್ಶನ ನೋಡಿಕೊಳ್ಳುತ್ತಿದ್ದ ಹುಡುಗ ಫೋನಿನಲ್ಲಿ ಮೈಸೂರು ಕಡೆಯ ಕನ್ನಡ ಮಾತಾಡುತ್ತಿದ್ದ. ಅವನು ಮುಗಿಸುವವರೆಗೂ ಕಾದು ಅವನನ್ನು ಹಿಡಿದುಕೊಂಡೆ.

“ಏನಪ್ಪಾ, ಆ ಕಾಲದಾಗ ಹೆಣ್ಣುಮಕ್ಕಳು ಬರೇ ಬೈಕೊಂತನ ನಿಂತಿದ್ರೇನು? ಯಾರೂ ಆಡಿಲ್ಲೇನು?”

“ಅಯ್ಯೋ ಮೇಡಂ, ಅದು ಜಸ್ಟ್ ಥೀಮ್ ಅಷ್ಟೇ. ಎಲ್ರೂ ತುಂಬಾ ರಿಲೇಟ್ ಮಾಡ್ಕೋತಿದಾರೆ” ಎಂದು ನಕ್ಕ.

ಎಲ್ಲರೂ ಅಂದರೆ ಯಾರು? ನೀವೇ ಹೇಳಿ. ಕುಕ್ಕರಿನ ರಬ್ಬರು ಮರೆತು ಮನೆಗೆ ಬಂದೆ. ಆ ದಿನ ಅನ್ನ ಬೋಗುಣಿಯಲ್ಲಿ ಕುದಿಯಿತು, ನಾನು ಅದರ ಪಕ್ಕದಲ್ಲಿ ನಿಂತು ಕುದ್ದೆ.

ಯಾಕೆಂದರೆ ನಾನು ಕಂಡ ಅತಿ ದೊಡ್ಡ ಆಟಗಾರ್ತಿ ನನ್ನ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ. ಕಾಕಾ ಮಾರ್ಕೆಟ್ ಯಾರ್ಡಿನ ಬೆಲ್ಲದ ವ್ಯಾಪಾರಿಯೊಬ್ಬರಲ್ಲಿ ಗುಮಾಸ್ತರಾಗಿದ್ದರು. ಜಮಖಂಡಿ ಕಡೆಯಿಂದ ಶಾಲೆಗೆಂದು ಈ ಊರಿಗೆ ಬಂದ ನಾನೂ ಅವರ ಚಾಳಿನ, ಅಂದರೆ ವಠಾರದ, ಎರಡು ಕೋಣೆಯ ಮನೆಯಲ್ಲಿಯೇ ಬೆಳೆದೆ. ಕಾಕಾನ ಅಂಗಿಯಿಂದ ಹಿಡಿದು ಹಾಸಿಗೆಯವರೆಗೆ ಆ ಮನೆಯಲ್ಲಿ ಎಲ್ಲಕ್ಕೂ ಬೆಲ್ಲದ ವಾಸನೆ. ಒಂದು ದೀಪಾವಳಿಗೆ ಕಾಕಾ ತಮ್ಮ ಮಗ ಶೀನ್ಯಾನಿಗೆಂದು ಆ ಡಬ್ಬಿ ತಂದರು. ಕ್ಯಾಸೆಟ್ಟಿನ ಮೇಲೆ ಲಕ್ಷಗಟ್ಟಲೆ ಆಟಗಳಿವೆ ಎಂದು ಬರೆದಿತ್ತು. ಇದ್ದವು ಬೆರಳೆಣಿಕೆಯಷ್ಟು, ಅವೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಇಷ್ಟು ರಾಜಾರೋಷದ ಸುಳ್ಳನ್ನು ಆಮೇಲೆ ನಾನು ಚುನಾವಣೆಯಲ್ಲಿ ಮಾತ್ರ ಕೇಳಿದ್ದೇನೆ.

ಶೀನ್ಯಾನಿಗೆ ಗುಂಡು ಹಾರಿಸುವ ಆಟ ಬೇಕು. ನನಗೆ ಯಾವುದೂ ಬಾರದು. ನಾನು ರಿಮೋಟು ಒತ್ತುವುದರ ಬದಲು ರಿಮೋಟಿನ ಜೊತೆ ನಾನೇ ಜಿಗಿಯುತ್ತಿದ್ದೆ. ಕಾಕು ಮಾತ್ರ ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತ ಕೂತವಳು ಟೀವಿಯಿಂದ ಕಣ್ಣು ಕೀಳಲಿಲ್ಲ. ಅದು ಇಟ್ಟಿಗೆ ಬೀಳುವ ಆಟ. ಬೇರೆ ಬೇರೆ ಆಕಾರದ ತುಂಡುಗಳು ಮೇಲಿನಿಂದ ಇಳಿಯುತ್ತವೆ, ತಿರುಗಿಸಿ ಸಂದು ಬಿಡದಂತೆ ಕೂಡಿಸಬೇಕು. ಸಾಲು ತುಂಬಿದರೆ ಮಾಯವಾಗುತ್ತದೆ, ತುಂಬದಿದ್ದರೆ ರಾಶಿ ಏರುತ್ತ ಹೋಗಿ ಆಟ ಮುಗಿಯುತ್ತದೆ.

“ಕೊಡಿಲ್ಲೆ” ಎಂದು ರಿಮೋಟು ಕಸಿದುಕೊಂಡಳು. “ಕೌದಿ ಹಾಕಿದಂಗನ ಅದ ಇದು. ಕೈಗೆ ಬಂದ ತುಂಡು ಎಲ್ಲಿ ಕೂಡ್ತದ ನೋಡಬೇಕು. ಬೇಕಾದ್ದು ಬರಲಿ ಅಂತ ಕಾಯ್ಕೊಂತ ಕೂತ್ರ ಕೆಟ್ಟಿ.”

ಅವತ್ತಿನಿಂದ ಊಟವಾದ ಮೇಲಿನ ಹೊತ್ತು ಕಾಕುವಿನದು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕ್ಯಾಸೆಟ್ಟಿಗೆ ಉಫ್ ಎಂದು ಊದಿ, ಚಕ್ಕಂಬಕ್ಕಳ ಹಾಕಿ ಕೂರುವಳು. ಆಡುವಾಗ ಅವಳ ಮುಖ ನೋಡಬೇಕಿತ್ತು. ಒಲೆಯ ಮುಂದೆ, ನಲ್ಲಿಯ ಸಾಲಿನಲ್ಲಿ, ಪೂಜೆಯಲ್ಲಿ ಎಲ್ಲೂ ನಾನು ಕಾಣದ ಮುಖ ಅದು. ಯಾರ ಕಾಳಜಿಯೂ ಇಲ್ಲದ, ಯಾರಿಗೂ ಉತ್ತರ ಕೊಡಬೇಕಾಗಿಲ್ಲದ ಮುಖ.

ಮುಂದಿನ ವರ್ಷದ ಗಣೇಶ ಹಬ್ಬದಲ್ಲಿ ಚಾಳಿನ ಮಂಡಳದವರು ಪೆಂಡಾಲಿನಲ್ಲಿ ಟೀವಿ ಇಟ್ಟು ಅದೇ ಆಟದ ಪಂದ್ಯ ಏರ್ಪಡಿಸಿದರು. ಮೊದಲ ಬಹುಮಾನ ಕ್ರಿಕೆಟ್ ಬ್ಯಾಟು. ಕಾಕು ಹೆಸರು ಕೊಡಲು ಹೋದರೆ ಮಂಡಳದ ಸೆಕ್ರೆಟರಿ, “ಕಾಕೂ, ತುಮ್ಹೀ ರಾಂಗೋಳೀತ್ ಭಾಗ್ ಘ್ಯಾ ನಾ” ಎಂದ. ರಂಗೋಲಿ ಸ್ಪರ್ಧೆ ಇದೆಯಲ್ಲ, ಅದಕ್ಕೆ ಸೇರಿ ಅಂತ. “ರಂಗೋಲಿ ದಿನಾ ಹಾಕ್ತೀನಿ” ಎಂದು ಕನ್ನಡದಲ್ಲೇ ಹೇಳಿ ಕಾಕು ಹುಡುಗರ ಸಾಲಿನಲ್ಲಿ ನಿಂತಳು.

ಒಬ್ಬೊಬ್ಬನೇ ಉದುರಿದ. ಕೊನೆಗೆ ಉಳಿದವರು ಶೀನ್ಯಾ ಮತ್ತು ಅವನ ಅವ್ವ. ಶೀನ್ಯಾನ ರಾಶಿ ಮೇಲೆ ಮುಟ್ಟಿತು. ಕಾಕುವಿನದು ನಡೆಯುತ್ತಲೇ ಇತ್ತು. ಆರತಿಗೆ ಹೊತ್ತಾಯಿತೆಂದು ಮಂಡಳದವರೇ ನಿಲ್ಲಿಸಬೇಕಾಯಿತು.

ಆಮೇಲೆ ನಡೆದದ್ದು ಕೇಳಿ. ಸೆಕ್ರೆಟರಿ ಮೈಕು ಹಿಡಿದು ಬ್ಯಾಟನ್ನು ಶೀನ್ಯಾನ ಕೈಗೆ ಕೊಟ್ಟ. ಕಾಕುವಿಗೆ ಒಂದು ಸ್ಟೀಲ್ ಡಬ್ಬಿ! ಹೆಂಗಸಿಗೆ ಬ್ಯಾಟು ಯಾತಕ್ಕೆ ಎಂಬುದು ಅವನ ಲೆಕ್ಕ. ಚಾಳೆಲ್ಲ ಚಪ್ಪಾಳೆ ತಟ್ಟಿತು. ಕಾಕಾ ಹೆಂಡತಿಯ ಕಿವಿಯಲ್ಲಿ, “ಇರಲಿ ಬಿಡು, ಬ್ಯಾಟ್ ನಮ್ಮ ಮನೀಗೇ ಬಂತಲ್ಲ. ಎಲ್ಲಾ ಒಂದ” ಎಂದರು.

“ಒಂದ ಹೆಂಗ ಆಗ್ತದ್ರಿ? ಗೆದ್ದಾಕಿ ನಾನು.”

ಮತ್ತೆ ವೇದಿಕೆ ಹತ್ತಿದಳು. ಡಬ್ಬಿಯನ್ನು ಮೇಜಿನ ಮೇಲೆ ಇಟ್ಟಳು. “ಬ್ಯಾಟ್ ಮಾಝೀ ಆಹೆ” ಎಂದಳು, ಬ್ಯಾಟು ನನ್ನದು. ಸೆಕ್ರೆಟರಿ ನಕ್ಕ, ಜನ ನಕ್ಕರು. ನಗು ಮುಗಿಯುವವರೆಗೂ ಕಾಕು ನಿಂತೇ ಇದ್ದಳು. ಕೊನೆಗೆ ಅವನು ಹೆಸರು ಕೂಗಲೆಂದು ಮೈಕು ಎತ್ತಿ, ತಡವರಿಸಿ, “ಕಾಕೂ, ತುಮಚಂ ನಾವ್ ಕಾಯ್?” ಎಂದು ಕೇಳಿದ. ಇಡೀ ಚಾಳಿನಲ್ಲಿ ಯಾರಿಗೂ ಅವಳ ಹೆಸರು ಗೊತ್ತಿರಲಿಲ್ಲ. “ಸುಶೀಲಾ” ಎಂದಳು. ಅದು ಮೈಕಿನಲ್ಲಿ ಬಂತು. ನಾನು ಕೂಡ ಅವತ್ತೇ ಮೊದಲ ಸಲ ಕೇಳಿದ್ದು.

ಮರುದಿನ ನಲ್ಲಿಯ ಹತ್ತಿರದ ಕಲ್ಲಿನ ಮೇಲೆ ನೆನೆಸಿದ ಕೌದಿಯನ್ನು ಅವಳು ಆ ಬ್ಯಾಟಿನಿಂದ ಬಡಿದು ಒಗೆದಳು. ಶೀನ್ಯಾ ಅಳು ಮೋರೆ ಮಾಡಿಕೊಂಡು, “ಅವ್ವಾ, ಅದು ಕ್ರಿಕೆಟ್ ಬ್ಯಾಟ್!” ಎಂದರೆ, “ನನ್ನ ಬ್ಯಾಟ್. ಬೇಕಾದ್ರ ಕೇಳಿ ಇಸ್ಕೊಂಡು ಹೋಗು” ಎಂದಳು. ಅವನು ಕೇಳಿಯೇ ಒಯ್ಯುತ್ತಿದ್ದ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮುಂದಿನ ಪರೀಕ್ಷೆ ಹತ್ತಿರ ಬಂದಾಗ, “ಹುಡುಗರು ಕೆಡ್ತಾರ” ಎಂದು ಕಾಕಾ ಆ ಗೇಮಿನ ಡಬ್ಬಿಯನ್ನು ತಮ್ಮ ಮಾಲೀಕರ ಮೊಮ್ಮಗನಿಗೆ ಕೊಟ್ಟುಬಂದರು. ಕಾಕುವನ್ನು ಕೇಳಲಿಲ್ಲ. ಕೇಳಬೇಕೆಂದು ಅವರಿಗೆ ಹೊಳೆಯಲೂ ಇಲ್ಲ. ಅದು ಮಕ್ಕಳ ಸಾಮಾನಲ್ಲವೇ! ಆ ಮಧ್ಯಾಹ್ನ ಕಾಕು ಊಟದ ತಾಟು ತೊಳೆದಿಟ್ಟು, ಕೈ ಒರೆಸಿಕೊಂಡು, ಬಂದ್ ಆಗಿದ್ದ ಟೀವಿಯ ಮುಂದೆ ಬಂದು ಕೂತಳು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಜೋಳದ ಮೊರ ತಂದುಕೊಂಡಳು. ಕಾಕಾ ಒಳ್ಳೆಯವರು, ಕೈ ಎತ್ತಿದವರಲ್ಲ, ದನಿ ಎತ್ತಿದವರಲ್ಲ. ಆದರೂ ಆ ಒಂದು ಕೆಲಸಕ್ಕೆ ನಾನು ಅವರನ್ನು ಇವತ್ತಿಗೂ ಕ್ಷಮಿಸಿಲ್ಲ.

ಆ ಹಳೆಯ ಆಟಗಳ ಕೊಡುಗೆ ಏನೆಂದು ಈಗ ದೊಡ್ಡ ದೊಡ್ಡ ಮಾತಾಡುತ್ತಾರೆ. ಅವುಗಳಿಂದಲೇ ಇವತ್ತಿನ ಆಟಗಳು ಹುಟ್ಟಿದವು, ಗಂಡುಮಕ್ಕಳ ಬಾಲ್ಯ ಬೆಳಗಿತು, ಇತ್ಯಾದಿ. ಬೆಳಗಲಿ. ಆದರೆ ಆ ಇಟ್ಟಿಗೆಗಳು ಬೀಳುವಾಗ ಎದುರಿಗೆ ಕೂತವರು ಯಾರೆಂದು ಕೇಳುತ್ತಿರಲಿಲ್ಲ ಕಣ್ರೀ. ಕೇಳುತ್ತಿದ್ದವರು ನಾವು.

ಈಗ ಶೀನ್ಯಾನ ಮನೆಯಲ್ಲಿರುವ ಕಾಕುವನ್ನು ಭಾನುವಾರ ಆಟೋದಲ್ಲಿ ಮಾಲಿಗೆ ಕರೆದೊಯ್ದೆ. ಆ ಲಟ್ಟಣಿಗೆಯ ಫಲಕದ ಮುಂದೆಯೇ ಅವಳನ್ನು ಆಡಿಸಬೇಕು, ಆ ಹುಡುಗ ನೋಡಬೇಕು ಎಂಬ ಹಟ ನನಗೆ. ಜನ ಆಡಲೆಂದು ಅಲ್ಲಿ ಒಂದು ಟೀವಿ ಇಟ್ಟಿದ್ದರು. ಸಾಲಿನಲ್ಲಿ ನಿಂತೆವು, ಪಾಳಿ ಬಂತು. ಕಾಕು ರಿಮೋಟು ಹಿಡಿದಳು.

ಬೇಗನೇ ಸೋತಳು. ಬೆರಳು ಹಿಂದೆ ಉಳಿದವು, ಕಣ್ಣು ತಡಮಾಡಿತು, ರಾಶಿ ಸರಸರನೆ ಏರಿಬಿಟ್ಟಿತು. ಸುತ್ತ ನಿಂತವರೆಲ್ಲ “ಆಜೀ, ಭಾರೀ!” ಎಂದು ಚಪ್ಪಾಳೆ ತಟ್ಟಿದರು. ಮೈಸೂರಿನ ಹುಡುಗ ಫೋಟೋ ತೆಗೆದ. ನಾನು ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದೆ.

ಕಾಕು ತಿರುಗಿದಳು. ಅಂದು ಪೆಂಡಾಲಿನಲ್ಲಿ ಬ್ಯಾಟು ಕೇಳಿದಾಗಿನ ಮುಖವೇ ಅದು.

“ಸೋತೀನಿ. ಚಪ್ಪಾಳಿ ಯಾತಕ್ಕ?”

“ಅಜ್ಜಿ, ಈ ವಯಸ್ಸಲ್ಲಿ ಟ್ರೈ ಮಾಡಿದ್ರಲ್ಲ, ಅದೇ ಗ್ರೇಟ್” ಎಂದ ಹುಡುಗ.

“ನನ್ನ ವಯಸ್ಸು ಆಟಕ್ಕ ಗೊತ್ತಿಲ್ಲ. ನಿನಗ್ಯಾಕ ಬೇಕಪ್ಪಾ?”

ನನ್ನ ಅಂಗೈಗಳು ಅಲ್ಲೇ ನಿಂತವು. ಫಲಕದಲ್ಲಿ ಅವಳಿಗೊಂದು ಜಾಗ ಸಿಗಬೇಕೆಂದು ನಾನು ವಾರವೆಲ್ಲ ಉರಿದಿದ್ದೆ. ಅವಳು ಆ ಫಲಕವನ್ನು ನೋಡಿಯೂ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸಾಲಿನ ಕೊನೆಗೆ ನಡೆದಳು, ಮಕ್ಕಳ ಹಿಂದೆ. ನಾನೂ ಹೋಗಿ ಅವಳ ಹಿಂದೆ ನಿಂತೆ.

“ಆಡೂದಿದ್ರ ನಿಲ್ಲು” ಎಂದಳು ತಿರುಗದೆಯೇ. “ನನ್ನ ನೋಡಾಕ ನಿಲ್ಲಬ್ಯಾಡ.”

“ಆಡ್ತೀನಿ, ಕಾಕು” ಎಂದೆ.