ಕೋವಿಗೆ ಅಳತೆ ತೆಗೆದದ್ದು

ನನ್ನ ಎತ್ತರ ಐದಡಿ ನಾಲ್ಕಿಂಚು. ಮೈಸೂರಿನಲ್ಲಿದ್ದಷ್ಟು ದಿನ ನಾನು ಕುಳ್ಳ ಎಂದು ನನಗೆ ಗೊತ್ತೇ ಇರಲಿಲ್ಲ. ಅಮೆರಿಕಕ್ಕೆ ಬಂದ ಮೇಲೆ ಗೊತ್ತಾಯಿತು. ಈ ದೇಶವನ್ನು ಆರಡಿಯ ಯಾರೋ ಒಬ್ಬ ತನ್ನ ಮೈಗೆ ಅಳತೆ ಕೊಟ್ಟು ಹೊಲಿಸಿಕೊಂಡಿದ್ದಾನೆ. ಸೋಫಾದಲ್ಲಿ ಬೆನ್ನು ಒರಗಿಸಿದರೆ ಕಾಲು ನೆಲಕ್ಕೆ ಎಟುಕುವುದಿಲ್ಲ, ಕಾಲು ಊರಿದರೆ ಬೆನ್ನು ಒರಗುವುದಿಲ್ಲ. ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಏನಿದೆಯೋ, ಮನೆ ಕೊಂಡಾಗಿನಿಂದ ನಾನು ನೋಡಿಲ್ಲ. ಆಫೀಸಿನ ಗಂಡಸರ ಬಚ್ಚಲಿನ ವಿಷಯ ಸಭ್ಯರು ಓದುವ ಬರಹದಲ್ಲಿ ಬೇಡ.

ಇಂಥ ನನಗೆ ಒಂದು ರೈಫಲ್ ಬಂತು. ನಾನು ಕೊಂಡಿದ್ದಲ್ಲ, ಲಾಟರಿಯಲ್ಲಿ ಬಂದದ್ದು.

ನಾನು ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಕಾರಿನ ಸೀಟು ಮಾಡುವ ಕಡೆ ಇಂಜಿನಿಯರ್. ಕೂತರೆ ಸೀಟು ಕಿರ್ರೆನ್ನಬಾರದು, ಅಷ್ಟೇ ನನ್ನ ಕೆಲಸ. ಪಕ್ಕದ ಮೇಜಿನಲ್ಲಿ ಡೇಲ್ ಎಂಬ ಸಹೋದ್ಯೋಗಿ ಇದ್ದಾನೆ. ಈ ದೇಶ ಯಾರ ಅಳತೆಗೆ ಹೊಲಿದದ್ದು ಅಂದೆನಲ್ಲ, ಅವನೇ ಇರಬೇಕು. ನವೆಂಬರ್ ಬಂತೆಂದರೆ ಆಸಾಮಿಗೆ ಜಿಂಕೆ ಬಿಟ್ಟು ಬೇರೆ ಮಾತಿಲ್ಲ. ತನ್ನ ಮೊಮ್ಮಗಳ ಐಸ್ ಹಾಕಿ ತಂಡದ ಸಹಾಯಾರ್ಥ ಅವನು ಟಿಕೆಟ್ ಮಾರುತ್ತ ಬಂದಾಗ, ಅದರ ಮೇಲೆ ಒಲೆಯ ಗ್ರಿಲ್ಲಿನ ಚಿತ್ರ ನೋಡಿ ಒಂದು ಕೊಂಡೆ. ಬದನೆಕಾಯಿ ಸುಟ್ಟು ಗೊಜ್ಜು ಮಾಡಲು ಅನುಕೂಲ ಎಂದು ಲೆಕ್ಕ. ಗ್ರಿಲ್ಲು ಎರಡನೇ ಬಹುಮಾನವಂತೆ. ಹುಟ್ಟಿದಾಗಿನಿಂದ ಯಾವುದರಲ್ಲೂ ಮೊದಲನೆಯವನಾಗದ ನನಗೆ, ಮೊಟ್ಟೆ ಕೂಡ ತಿನ್ನದ ನನಗೆ, ಮೊದಲ ಬಹುಮಾನವಾಗಿ ಜಿಂಕೆ ಬೇಟೆಯ ಲಿವರ್ ಆ್ಯಕ್ಷನ್ ರೈಫಲ್ ಬಂತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ: ಕೌಬಾಯ್ ಸಿನಿಮಾಗಳಲ್ಲಿ ಕುದುರೆ ಮೇಲಿನ ಗಡ್ಡದವನು ಕೋವಿಯ ಅಡಿಯಲ್ಲಿರುವ ಬಳೆಯಂಥ ಹಿಡಿಯನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದು ಕಟಕ್ ಕಟಕ್ ಅನ್ನಿಸುತ್ತಾನಲ್ಲ, ಅದೇ. ಪ್ರತಿ ಗುಂಡಿಗೂ ಒಂದು ಕಟಕ್. ಬೀದಿಯ ಬೋರ್‌ವೆಲ್ ಪಂಪಿನ ಅಣ್ಣನ ಮಗ ಅನ್ನಬಹುದು. ನಮ್ಮ ಹಳಬರು ಕೋವಿಯ ಹಿಂದೆ ಬಡಿಯುವ ಕೊಕ್ಕೆಯನ್ನೂ ಕುದುರೆ ಎಂದೇ ಕರೆದರು. ಕೌಬಾಯ್‌ಗೆ ಎರಡು ಕುದುರೆ ಬೇಕು. ಕನ್ನಡದವನಿಗೆ ಒಂದರಲ್ಲೇ ಕೆಲಸ ಮುಗಿಯುತ್ತದೆ.

ಪೊಲೀಸರ ಹತ್ತಿರ ಪರವಾನಗಿ, ಅಂಗಡಿಯಲ್ಲಿ ನನ್ನ ಪೂರ್ವಾಪರದ ವಿಚಾರಣೆ ಎಲ್ಲ ಮುಗಿಸಿ ಡಬ್ಬ ಹಿಡಿದು ಕ್ಯಾಂಟನ್ ಎಂಬ ಊರಿನ ನಮ್ಮ ಮನೆಗೆ ಬಂದೆ. ಬಾಗಿಲು ತೆಗೆದ ನನ್ನ ಹೆಂಡತಿ ಸುಧಾ ಡಬ್ಬ ನೋಡಿದಳು, ನನ್ನನ್ನು ನೋಡಿದಳು.

"ರೀ, ಗ್ರಿಲ್ ಅಂದ್ರಲ್ಲ?"

"ಇದು ಮೊದಲನೇ ಬಹುಮಾನ ಕಣೇ."

"ಬೀಗ ಹಾಕೋ ಕಬ್ಬಿಣದ ಪೆಟ್ಟಿಗೆ ತನ್ನಿ, ಆಮೇಲೆ ಒಳಗೆ ಬನ್ನಿ. ಗುಂಡು ಮಾತ್ರ ಈ ಮನೆ ಹೊಸಲು ದಾಟಬಾರದು."

ಸುಧಾ ಫಾರ್ಮಸಿಸ್ಟ್. ವಿಷಕ್ಕೂ ಔಷಧಿಗೂ ಇರುವ ಅಂತರ ಎಷ್ಟು ಸಣ್ಣದು ಎಂದು ಬಲ್ಲವಳು. ವಾದ ಮಾಡದೆ ಪೆಟ್ಟಿಗೆ ತಂದೆ. ಷಿಕಾಗೋದಲ್ಲಿರುವ ನಮ್ಮ ಮಗಳು ಅನನ್ಯಾಳಿಗೆ ಫೋನಿನಲ್ಲಿ ವಿಷಯ ತಿಳಿಸಿದಾಗ ಅವಳು "ಡ್ಯಾಡ್, ಈಸ್ ದಿಸ್ ಎ ಮಿಡ್‌ಲೈಫ್ ಥಿಂಗ್?" ಅಂದಳು. ನನ್ನ ವಯಸ್ಸನ್ನು ಇನ್ನೂ ನಡುವಯಸ್ಸು ಎಂದು ಕರೆದಳಲ್ಲ, ಸಂತೋಷವಾಯಿತು.

ಮಾರಿಬಿಡುವುದೆಂದೇ ನನ್ನ ಆಲೋಚನೆ. ಆದರೆ ಒಂದು ಸಲ ಭುಜಕ್ಕೆ ಆನಿಸಿ ನೋಡಿಯೇ ಮಾರೋಣ ಅನ್ನಿಸಿತು. ನೋಡಿದೆ. ಇದೂ ಆರಡಿಯವನದೇ. ಭುಜಕ್ಕೆ ಆನುವ ಮರದ ಭಾಗವಿದೆಯಲ್ಲ, ಸ್ಟಾಕ್ ಅನ್ನುತ್ತಾರೆ, ಅದು ನನಗೆ ಎಷ್ಟು ಉದ್ದವೆಂದರೆ ಟ್ರಿಗರಿಗೆ ಬೆರಳು ಮುಟ್ಟಿಸಲು ಕೈಯನ್ನು, ಗುರಿ ನೋಡಲು ಕತ್ತನ್ನು ಕೊಕ್ಕರೆಯಂತೆ ಚಾಚಬೇಕು. ಸೋಫಾ ಕತ್ತರಿಸಲಾಗಲಿಲ್ಲ, ಕಪಾಟು ಇಳಿಸಲಾಗಲಿಲ್ಲ. ಆದರೆ ಇದು ಮರ, ನನ್ನದೇ ಮರ, ಗ್ಯಾರೇಜಿನಲ್ಲಿ ಗರಗಸವಿದೆ. ಇಷ್ಟು ವರ್ಷ ನಾನೇ ಅಮೆರಿಕದ ಅಳತೆಗೆ ಎಳೆದೆಳೆದು ಹೊಂದಿಕೊಂಡದ್ದಾಯಿತು. ಒಂದಾದರೂ ವಸ್ತು ನನ್ನ ಅಳತೆಗೆ ಬರಲಿ ಎಂಬ ಹಟ ಹುಟ್ಟಿತು.

ಇಂಟರ್ನೆಟ್ಟಿನಲ್ಲಿ ಮನೆಯಲ್ಲೇ ಕೋವಿ ಸಿಂಗರಿಸುವ ಗಂಡಸರ ದೊಡ್ಡದೊಂದು ಸಂಪ್ರದಾಯವೇ ಇದೆ. ಎಲ್ಲರಿಗೂ ಮೀಸೆಯಿದೆ, ಹೆಚ್ಚಿನವರಿಗೆ ಒಂದು ನಾಯಿಯಿದೆ. ಮದುವೆಮನೆಯಲ್ಲಿ ಹೆಣ್ಣಿಗೆ ಅಲಂಕಾರ ಮಾಡುವವರಷ್ಟು ಮುತುವರ್ಜಿ ಅವರಿಗೆ. ಅವರನ್ನು ನೋಡಿ ಒಂದೇ ತಿರುಪು ಬಿಚ್ಚಿ ಸ್ಟಾಕನ್ನು ಕಳಚಿದೆ. ಕಂಪನಿ ಬಳಿದ ಬೆಲ್ಲದ ಪಾಕದಂಥ ವಾರ್ನಿಷ್ ಕೆರೆದು, ಉಪ್ಪುಕಾಗದದಲ್ಲಿ ಉಜ್ಜಿ, ಅಗಸೆ ಎಣ್ಣೆ ಹಚ್ಚಿದೆ. ದಿನಕ್ಕೊಂದು ಕೈ, ಒಣಗಿದ ಮೇಲೆ ಮತ್ತೊಂದು ಕೈ. ಒಳಗಿನಿಂದ ಅಕ್ರೋಟು ಮರದ ಗೆರೆಗಳು ಎದ್ದು ಬಂದವು. ನಾನು ಗ್ಯಾರೇಜಿನಲ್ಲಿ ಗುನುಗುತ್ತ ಎಣ್ಣೆ ತಿಕ್ಕುವುದನ್ನು ಕಂಡು ಸುಧಾ, "ಮಗು ಹುಟ್ಟಿದಾಗ ಅದಕ್ಕೆ ಇಷ್ಟು ಎಣ್ಣೆ ನೀರು ಹಾಕ್ಲಿಲ್ಲ ನೀವು" ಅಂದು ಒಳಗೆ ಹೋದಳು.

ಇನ್ನು ಕೊಯ್ಯುವ ಕೆಲಸ. ಡೇಲ್ ಎಚ್ಚರಿಸಿದ್ದ: "ಜಿಂಕೆ ಬೇಟೆಯ ಕಾಲ ಅಂದರೆ ಚಳಿಗಾಲ. ದಪ್ಪ ಜಾಕೆಟ್ ಹಾಕಿರ್ತೀಯ. ಅದರ ದಪ್ಪವನ್ನೂ ಲೆಕ್ಕಕ್ಕೆ ಹಿಡಿದು ಇನ್ನಷ್ಟು ಗಿಡ್ಡ ಕೊಯ್ಯಿ." ಇಂಜಿನಿಯರನಿಗೆ ಇಷ್ಟು ಹೇಳಿದರೆ ಸಾಕು. ಗ್ಯಾರೇಜಿನಲ್ಲಿ ಬೇಸಿಗೆಯ ಸೆಕೆಯಲ್ಲಿ ಹಿಮಗಾಲದ ಜಾಕೆಟ್ ತೊಟ್ಟು, ಬೆವರು ಸುರಿಸುತ್ತ ಅಳತೆ ತೆಗೆದೆ. ಆಮೇಲೆ ಡೇಲನ ಮಾತು ನೆನಪಾಗಿ, ಬಂದ ಅಳತೆಯಿಂದ ಜಾಕೆಟ್ಟಿನ ದಪ್ಪವನ್ನು ಕಳೆದೆ. ಬುದ್ಧಿವಂತ ಓದುಗರಿಗೆ ಈಗಾಗಲೇ ಹೊಳೆದಿರಬೇಕು. ಜಾಕೆಟ್ ತೊಟ್ಟು ಒಂದು ಸಲ ಕಳೆದಾಗಿತ್ತು, ಕಾಗದದ ಮೇಲೆ ಇನ್ನೊಂದು ಸಲ ಕಳೆದೆ. ಬುದ್ಧಿವಂತ ಬರಹಗಾರನಿಗೆ ಮಾತ್ರ ಅದು ಕೊಯ್ದು, ಅಂಚು ನಯ ಮಾಡಿ, ಹಿಂಬದಿಗೆ ರಬ್ಬರ್ ಕೂರಿಸಿ, ಮತ್ತೆ ಎರಡು ಕೈ ಎಣ್ಣೆ ಹಚ್ಚಿದ ಮೇಲೂ ಹೊಳೆಯಲಿಲ್ಲ.

ಹೊಳೆದದ್ದು ಡೇಲ್ ಕರೆದುಕೊಂಡು ಹೋದ ಶೂಟಿಂಗ್ ರೇಂಜಿನಲ್ಲಿ, ಮೊದಲ ಗುಂಡಿಗೆ. ಸ್ಟಾಕ್ ಗಿಡ್ಡವಾದರೆ ಹಿಡಿದ ಕೈ ಮುಖಕ್ಕೆ ತೀರ ಹತ್ತಿರ ಬರುತ್ತದೆ. ಕೋವಿ ಹಿಂದಕ್ಕೆ ಒದ್ದಾಗ ನನ್ನ ಹೆಬ್ಬೆರಳು ನನ್ನದೇ ಮೂಗಿಗೆ ಗುದ್ದಿತು. ಕಣ್ಣಲ್ಲಿ ಧಾರಾಕಾರ ನೀರು. ಛಲ ಬಿಡದೆ ಇನ್ನೊಂದು ಹಾರಿಸಿದೆ. ಮತ್ತೊಂದು ಗುದ್ದು. ಗುರಿಯ ಕಾಗದದಲ್ಲಿ ನನ್ನ ಗುಂಡುಗಳು ಎಲ್ಲಿ ಬಿದ್ದಿವೆ ಎಂದು ಡೇಲ್ ದುರ್ಬೀನು ಹಾಕಿ ಹುಡುಕಿ, ಕೊನೆಗೆ ಬಲು ಮರ್ಯಾದೆಯಿಂದ, "ಕಾಗದ ಚೆನ್ನಾಗಿದೆ, ಇನ್ನೊಂದು ಸಲ ಉಪಯೋಗಿಸಬಹುದು" ಅಂದ.

ಮನೆಗೆ ಬಂದಾಗ ನನ್ನ ಮೂಗು ಜಾಮೂನಿನಂತೆ ಊದಿತ್ತು. ಸುಧಾ ಐಸ್ ಹಿಡಿದು, ಮುರಿದಿಲ್ಲವೆಂದು ಖಚಿತ ಮಾಡಿಕೊಂಡು, ಆಮೇಲೆ ಮನಸಾರೆ ನಕ್ಕಳು. "ಅದೇನು ಮಾಡಿಟ್ಟಿದೀರ ನೋಡೋಣ ಬನ್ನಿ" ಎಂದು ಗ್ಯಾರೇಜಿಗೆ ಬಂದು ಪೆಟ್ಟಿಗೆ ತೆಗೆಸಿದಳು.

ಆಮೇಲೆ ನಡೆದದ್ದನ್ನು ನಾನು ಐಸಿನ ಚೀಲದ ಮರೆಯಿಂದ ನೋಡಿದೆ. ಅವಳು ಕೋವಿಯನ್ನು ಎತ್ತಿಕೊಂಡಳು, ನಳಿಗೆ ನೆಲಕ್ಕೆ ತಿರುಗಿಸಿ. ಹಿಡಿಯನ್ನು ಕೆಳಕ್ಕೆ ತಳ್ಳಿದಳು. ಒಳಗೆ ಗುಂಡಿಲ್ಲವೆಂದು ಮೊದಲು ಕಣ್ಣಿನಿಂದ ನೋಡಿ, ಆಮೇಲೆ ಕಿರುಬೆರಳು ಹಾಕಿ ಮುಟ್ಟಿ ನೋಡಿದಳು. ಕಾಲು ಸ್ವಲ್ಪ ಅಗಲಿಸಿ ನಿಂತಳು. ಕೋವಿ ಮೇಲೇರಿ ಭುಜದ ಗುಳಿಯಲ್ಲಿ ಕೂತಿತು, ಕೆನ್ನೆ ಮರಕ್ಕೆ ಆನಿತು. ಅಡುಗೆಮನೆಯಲ್ಲಿ ಸೌಟು ತೆಗೆದುಕೊಂಡಷ್ಟೇ ಸಲೀಸು. ಕತ್ತು ಚಾಚಲಿಲ್ಲ, ಮೊಣಕೈ ಮುದುರಲಿಲ್ಲ. ನಾನು ಜಾಕೆಟ್ ತೊಟ್ಟು ಬೆವೆತು ತೆಗೆದ ಅಳತೆ ಅವಳದಾಗಿತ್ತು.

"ಸರಿಯಾಗಿದೆಯಲ್ರೀ," ಅಂದಳು.

"ನಿನಗೆ ಇದೆಲ್ಲ ಹೆಂಗೆ ಗೊತ್ತು?"

"ಎನ್‌ಸಿಸಿ. ಕಾಲೇಜಲ್ಲಿ."

"ಎನ್‌ಸಿಸಿಲಿ ಲೆಫ್ಟ್ ರೈಟ್ ಮಾಡಿಸಿ ಬೋಂಡಾ ಕೊಡ್ತಾರೆ. ನಾನೂ ಹೋಗಿದ್ದೆ."

"ನಿಮಗೆ ಬೋಂಡಾ ಕೊಟ್ಟಿರ್ತಾರೆ. ನಮಗೆ ರೈಫಲ್ ಕೊಟ್ರು. ಕಾಲೇಜಿಗೇ ನಾನು ಫಸ್ಟು. ದಿಲ್ಲಿ ಕ್ಯಾಂಪಿಗೆ ಸೆಲೆಕ್ಟ್ ಆಗಿದ್ದೆ."

"ಹೋಗ್ಲಿಲ್ವಾ?"

ಕೋವಿ ಕೆಳಗಿಳಿಸಿ, ಮರದ ಗೆರೆಯ ಮೇಲೆ ಬೆರಳಾಡಿಸುತ್ತ ಹೇಳಿದಳು. "ಅದೇ ವಾರ ಅಮೆರಿಕದ ಹುಡುಗ ನೋಡಕ್ಕೆ ಬರ್ತಾನೆ, ಅವನಿಗೆ ರಜ ಇರೋದೇ ಅಷ್ಟು ಅಂದ್ರು ಅಪ್ಪ. ಟ್ರಂಕಿಂದ ಯೂನಿಫಾರ್ಮ್ ತೆಗೆದು ಸೀರೆ ಮಡಿಚಿಟ್ಟೆ."

ಅಮೆರಿಕದ ಹುಡುಗ ಅಂದರೆ ನಾನು. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಏನು ನೆನಪಿದೆಯೆಂದರೆ, ಕೇಸರಿಬಾತಿನಲ್ಲಿ ಅನಾನಸ್ ಹಾಕಿದ್ದರು. ಅವರ ಹಜಾರದ ಸೋಫಾದಲ್ಲಿ ಕೂತಾಗ ನನ್ನ ಕಾಲು ನೆಲಕ್ಕೆ ಎಟುಕಿತ್ತು. ಹುಡುಗಿಗೆ ಹಾಡು ಬರುತ್ತದೆಯೇ ಎಂದು ನಮ್ಮಮ್ಮ ಕೇಳಿದರು, ಬರುತ್ತದೆ ಎಂದು ಅವರಪ್ಪ ಹೇಳಿದರು. ಗುರಿಯಿಟ್ಟು ಹೊಡೆಯಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯಿಲ್ಲ. ಇದ್ದಿದ್ದರೆ ಎಷ್ಟೋ ಗಂಡುಗಳು ತಿಂಡಿ ಬಿಟ್ಟು ಏಳುತ್ತಿದ್ದವು.

ಊದಿದ ಮೂಗಿನಿಂದ ಗಂಭೀರವಾಗಿ ಮಾತಾಡುವುದು ಕಷ್ಟ. ಆದರೂ ಕೇಳಿದೆ. "ಹೋಗಿದ್ರೆ ಗೆಲ್ತಿದ್ದೆ ಅನ್ಸುತ್ತಾ?"

"ಗೆಲ್ಲೋದು ಯಾರಿಗ್ಗೊತ್ತು. ಹೋಗ್ಬೇಕಿತ್ತು, ಅಷ್ಟೆ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಒಂದು ತಮಾಷೆ ಹೇಳಿ ಜಾರಿಕೊಳ್ಳಬಹುದಿತ್ತು. ಮನೆಯ ಯಾವ ಸ್ವಿಚ್ಚು ಯಾವ ದೀಪಕ್ಕೆ ಎಂದು ಬಲ್ಲ ನಾನು, ಯಾವ ಸೀಟು ಯಾವ ತಿರುಪಿನಿಂದ ಕಿರುಗುಟ್ಟುತ್ತದೆ ಎಂದು ಕಣ್ಣು ಮುಚ್ಚಿ ಹೇಳುವ ನಾನು, ಅಲ್ಲೇ ಬಣ್ಣದ ಡಬ್ಬದ ಮೇಲೆ ಕೂತುಬಿಟ್ಟೆ.

ಮುಂದಿನ ಶನಿವಾರ ಅವಳನ್ನು ರೇಂಜಿಗೆ ಕರೆದುಕೊಂಡು ಹೋದೆ. ನಾನೇ ಕರೆದುಕೊಂಡು ಹೋದೆ ಎಂದು ಹೇಳಿಕೊಳ್ಳುತ್ತೇನೆ. ಡ್ರೈವ್ ಮಾಡಿದ್ದು ಅವಳು. ಡೇಲ್ ಬಂದಿದ್ದ. ಸುಧಾ ಮೊದಲು ಹೊಡೆದ ಗುಂಡುಗಳು ಕಾಗದದ ಕೆಳಗಿನ ಮೂಲೆಯಲ್ಲಿ ಚದುರಿ ಬಿದ್ದವು. ಒಂದು ಸೆಟ್ ದೋಸೆಯಿಂದ ಮುಚ್ಚಬಹುದಾದಷ್ಟು ಜಾಗ. ಡೇಲ್ ಸಲಹೆ ಕೊಡಲು ಬಾಯಿ ತೆರೆದ. ಅವಳು ಕೈಯೆತ್ತಿ ತಡೆದು, ಗುಂಡಿನ ಸದ್ದಿಗೆಂದು ಹಾಕಿದ್ದ ಕಿವಿಮುಚ್ಚಳವನ್ನು ಸರಿಪಡಿಸಿಕೊಂಡಳು. ಉಸಿರು ಒಳಗೆಳೆದು, ಅರ್ಧ ಬಿಟ್ಟು, ನಿಲ್ಲಿಸಿದಳು. ಆಮೇಲಿನವು ನಿಪ್ಪಟ್ಟಿನ ಅಗಲದಲ್ಲಿ ಬಿದ್ದವು. ಅದರ ನಂತರದವನ್ನು ಮುಚ್ಚಲು ಒಂದು ಕೋಡುಬಳೆ ಸಾಕಿತ್ತು.

ಡೇಲ್ ದುರ್ಬೀನು ಇಳಿಸಿ ನನ್ನ ಕಡೆ ತಿರುಗಿದ. "ಇವರು ನಿನಗೆಲ್ಲಿ ಸಿಕ್ಕಿದ್ರು?"

"ಮೈಸೂರಲ್ಲಿ. ಕೇಸರಿಬಾತಿನ ಜೊತೆ," ಅಂದೆ.

ಅವನಿಗೆ ಅರ್ಥವಾಗಲಿಲ್ಲ. ನವೆಂಬರಿನಲ್ಲಿ ಬೇಟೆಗೆ ಬರಲೇಬೇಕೆಂದು ಆಹ್ವಾನ ಕೊಟ್ಟ, ನನಗಲ್ಲ, ಅವಳಿಗೆ. ಸುಧಾ ಒಪ್ಪಲಿಲ್ಲ. ನಮ್ಮ ಹಿತ್ತಿಲಿಗೆ ದಿನಾ ಸಂಜೆ ಜಿಂಕೆಗಳು ಬಂದು ಅವಳ ಮೆಂತ್ಯದ ಮಡಿಯನ್ನು ಬುಡದವರೆಗೆ ಮೇಯುತ್ತವೆ. ಮೈಸೂರಿನಲ್ಲಿ ಬೀಡಾಡಿ ಹಸುಗಳಿಗೆ ಬಯ್ಯುತ್ತಿದ್ದ ಬೈಗುಳಗಳಲ್ಲೇ ಅವಳು ಅವನ್ನು ಬಯ್ಯುತ್ತಾಳೆ. "ಬೈತೀನಲ್ಲ, ಸಾಕು. ನಾನು ಕಾಗದಕ್ಕೆ ಹೊಡೀತೀನಿ. ಕಾಗದಕ್ಕೆ ಮರಿಗಳಿರಲ್ಲ," ಅಂದಳು. ಇದನ್ನು ಡೇಲನಿಗೆ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ.

ಈಗ ಆ ಕೋವಿ ಅವಳ ಹೆಸರಿನಲ್ಲಿದೆ. ಅವಳೇ ಪೊಲೀಸ್ ಸ್ಟೇಷನ್ನಿಗೆ ಹೋಗಿ ಎಲ್ಲ ಕ್ರಮವಾಗಿ ಮಾಡಿಸಿಕೊಂಡಳು. ನನಗೆ ಗ್ಯಾರೇಜಿನ ನೌಕರಿ ಉಳಿಯಿತು. ಅಡಿಯ ಬಳೆಹಿಡಿ ಅವಳ ಬೆರಳಿಗೆ ಒತ್ತುತ್ತದೆಂದು ಅದಕ್ಕೆ ತೆಳ್ಳನೆಯ ಚರ್ಮ ಸುತ್ತಿ ಹೊಲಿದೆ. ಗುರಿ ನೋಡುವ ಹಳೆಯ ಕಚ್ಚು ತೆಗೆದು ಸಣ್ಣ ಕಿಂಡಿಯದನ್ನು ಕೂರಿಸಿದೆ. ಕೆನ್ನೆ ಆನುವ ಜಾಗವನ್ನು ಕೊಂಚ ತಗ್ಗಿಸುವ ಮುಂಚೆ ಟೇಪು ಹಿಡಿದು ಅವಳೆದುರು ನಿಂತೆ. ಮೊಣಕೈಯಿಂದ ಬೆರಳ ತುದಿಗೆ ಎಷ್ಟು, ಭುಜದಿಂದ ಕೆನ್ನೆಗೆ ಎಷ್ಟು. ರವಿಕೆ ಹೊಲಿಯುವವರಿಗೆಲ್ಲ ಗೊತ್ತಿದ್ದ ಈ ಅಳತೆಗಳು ನನಗೆ ಮೊದಲ ಸಲ ಗೊತ್ತಾಗುತ್ತಿದ್ದವು. "ನಗಿಸ್ಬೇಡಿ, ಅಳತೆ ತಪ್ಪುತ್ತೆ," ಎಂದು ಅವಳು ಬಿಗಿಯಾಗಿ ನಿಂತಿದ್ದಳು. ನಾನು ನಗಿಸುತ್ತಿರಲಿಲ್ಲ. ಎರಡೆರಡು ಸಲ ಅಳೆಯುತ್ತಿದ್ದೆ, ಅಷ್ಟೆ.

ರೇಂಜಿನ ಕ್ಲಬ್ಬಿನಲ್ಲಿ ಹೆಂಗಸರದೊಂದು ಸ್ಪರ್ಧೆ ನಡೆದಾಗ ಅವಳು ಮೂರನೆಯವಳಾಗಿ ಬಂದಳು. ನಾನು ಪೂರ್ತಿ ಕ್ಯಾಂಟನ್ನಿಗೆ ಸಿಹಿ ಹಂಚುವ ಹುಮ್ಮಸ್ಸಿನಲ್ಲಿದ್ದೆ. ಅವಳು ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದು, ಹೆದ್ದಾರಿಯಿಂದ ಮನೆ ಕಡೆ ಇಳಿಯುವ ಎಕ್ಸಿಟ್ ಬಂದಾಗ, "ಕೊನೇದು ಗಡಿಬಿಡಿ ಮಾಡ್ಬಿಟ್ಟೆ," ಅಂದಳು. ಸೋತದ್ದಕ್ಕೆ ಅವಳು ಹೀಗೆ ಉರಿಯುವುದನ್ನು ನಾನು ನೋಡಿದ್ದೇ ಇಲ್ಲ. ಭಾರಿ ಚೆಂದ ಕಂಡಳು.

ಈಗ ಪ್ರತಿ ಶನಿವಾರ ಬೆಳಿಗ್ಗೆ ಅವಳೊಬ್ಬಳೇ ಹೊರಡುತ್ತಾಳೆ. ಮೊನ್ನೆ ಶೂ ಕಟ್ಟಿಕೊಳ್ಳುತ್ತಿದ್ದವಳನ್ನು ಕೇಳಿದೆ. "ಗುರಿ ಇಡೋವಾಗ ಏನು ಯೋಚನೆ ಮಾಡ್ತೀಯ?"

"ಏನೂ ಇಲ್ಲ. ಅದಕ್ಕೇ ಹೋಗೋದು."

ನಾನು ನನ್ನ ಶೂಗಳನ್ನೂ ಹತ್ತಿರಕ್ಕೆ ಎಳೆದುಕೊಂಡೆ. ಆಮೇಲೆ, "ನಾನೂ ಬರ್ಲಾ?" ಅಂದೆ.

"ಬನ್ನಿ," ಅಂದಳು ಕಾರಿನ ಕೀ ಎತ್ತಿಕೊಳ್ಳುತ್ತ. "ಎಷ್ಟು ಬೇಕಾದ್ರೂ ಮಾತಾಡಿ. ಹೇಗೂ ನಾನು ಕಿವಿ ಮುಚ್ಕೊಂಡಿರ್ತೀನಿ."