ಟ್ಯಾಂಕಿನವರಿಗೆ ಅನ್ನವಿಟ್ಟ ಹೆರ್ಮೀನ

ಸೆನ್ನೆ ಬಯಲಿನ ಅಂಚಿನಲ್ಲಿದ್ದ ನಮ್ಮೂರು ಎಲರ್‌ಬ್ರುಖ್ ಅನ್ನು ಯುದ್ಧ ಶುರುವಾದ ವರ್ಷ ನಮ್ಮ ಜರ್ಮನ್ ಸೈನ್ಯವೇ ಖಾಲಿ ಮಾಡಿಸಿತು. ಗಂಟುಮೂಟೆ ಕಟ್ಟಿಕೊಂಡು ಹೋದವರಲ್ಲಿ ತಿರುಗಿ ಬಂದವಳು ಬೇಕರಿಯ ಕೆಸ್ಪೋಲನ ಮಗಳು ಹೆರ್ಮೀನ ಒಬ್ಬಳೇ. ಬಂದದ್ದು ಮನೆಗಲ್ಲ, ಕೆಲಸಕ್ಕೆ. ಹೊಸ ಟ್ಯಾಂಕುಗಳನ್ನು ಓಡಿಸಿ ನೋಡುವ ಕೇಂದ್ರವನ್ನು ಅಲ್ಲಿ ತೆರೆದಿದ್ದರು. ಅವಳು ಅಲ್ಲಿನ ಅಡುಗೆಯವಳು. ಅವಳ ಅಪ್ಪನ ಬೇಕರಿಯೇ ಅಡುಗೆಮನೆಯಾಗಿತ್ತು.

ವರ್ಷ ವರ್ಷಕ್ಕೂ ಬರುವ ಟ್ಯಾಂಕು ಹಿಂದಿನದಕ್ಕಿಂತ ಭಾರ. ಮೊದಲು ರಸ್ತೆ ಕುಸಿಯಿತು, ಆಮೇಲೆ ತೊರೆಯ ಸೇತುವೆ ಮುರಿಯಿತು, ಕೊನೆಗೆ ಇಗರ್ಜಿಯ ಗೋಡೆ ಬಿರುಕುಬಿಟ್ಟಿತು. ಅಲ್ವಿನ್ ಬ್ರೋಕರ್ ಎಂಬ ಚಾಲಕನನ್ನು ಹೆರ್ಮೀನ ಮದುವೆಯಾದದ್ದು ಆ ಬಿರುಕು ಬಿಟ್ಟ ಇಗರ್ಜಿಯಲ್ಲೇ. ಅವನ ಜೊತೆಗಾರ, ಫಿರಂಗಿ ನೋಡಿಕೊಳ್ಳುತ್ತಿದ್ದ ಎವಾಲ್ಡ್ ಮಹಾ ತಮಾಷೆಗಾರ. "ಅಲ್ವಿನ್‌ಗೆ ಎರಡು ಪಿಕರ್ಟ್ ಜಾಸ್ತಿ ಹಾಕಬೇಡಮ್ಮ, ಟ್ಯಾಂಕು ಎಳೆಯಲ್ಲ!" ಎನ್ನುತ್ತ ತಾನೇ ಆ ಆಲೂಗಡ್ಡೆ ದೋಸೆಗಳನ್ನು ಮುಗಿಸಿಬಿಡುತ್ತಿದ್ದ.

ನಲವತ್ತೈದರ ವಸಂತ. ಶೆಡ್ಡಿನಲ್ಲಿ ಬೃಹತ್ತಾದ ಒಂದು ಟ್ಯಾಂಕು, ಫಿರಂಗಿ ಕೂರಿಸುವ ಮೇಲಿನ ಗೋಪುರವೇ ಇಲ್ಲದೆ ಅರ್ಧಕ್ಕೆ ನಿಂತಿತ್ತು. ಪಶ್ಚಿಮದಿಂದ ಅಮೆರಿಕನ್ನರ ಫಿರಂಗಿ ಸದ್ದು ದಿನೇ ದಿನೇ ಹತ್ತಿರವಾಗುತ್ತಿತ್ತು. ಪರೀಕ್ಷೆ ಮುಗಿಯದ ಇನ್ನೊಂದು ಟ್ಯಾಂಕನ್ನು ಗುಡ್ಡದ ದಾರಿಗೆ ಒಯ್ದು ಅವರನ್ನು ತಡೆಯಿರಿ ಎಂದು ಅಲ್ವಿನ್ ಮತ್ತು ಎವಾಲ್ಡ್‌ಗೆ ಆಜ್ಞೆ ಬಂತು.

ಆ ದಿನ ಊಟಕ್ಕೆ ಕೂತ ಅಲ್ವಿನ್ ಚಮಚ ಮುಟ್ಟಲಿಲ್ಲ.

"ಏನಾಯ್ತು?"

"ಪೆಟ್ರೋಲು ಸೋರ್ತಿದೆ ಕಣೆ. ಇಂಜಿನ್ ಬಿಸಿಯಾದ್ರೆ ಹತ್ಕೊಳ್ಳುತ್ತೆ. ಹೇಳಿ ಹೇಳಿ ಸಾಕಾಯ್ತು."

ಹೆರ್ಮೀನ ಕೈ ಒರೆಸಿಕೊಂಡು ನೇರವಾಗಿ ಕೇಂದ್ರದ ಇಂಜಿನಿಯರ್ ಫೋಸ್ ಹತ್ತಿರ ಹೋದಳು.

"ಸಾಹೇಬ್ರೆ, ಅದು ಸೋರೋದು ನಿಮಗೆ ಗೊತ್ತಿಲ್ವಾ?"

"ಗೊತ್ತಿದೆ."

"ಗೊತ್ತಿದ್ದೂ ಕಳಿಸ್ತೀರಾ?"

ಫೋಸ್ ಕಿಟಕಿಯತ್ತ ನೋಡಿದ. ಹೊರಗೆ ನಾಜಿಗಳ ಎಸ್‌ಎಸ್ ಪಡೆಯ ಇಬ್ಬರು ಅಧಿಕಾರಿಗಳು ಸಿಗರೇಟು ಸೇದುತ್ತಿದ್ದರು. "ಇಲ್ಲ ಅಂದವರನ್ನ ನಿನ್ನೆ ಆ ಓಕ್ ಮರಕ್ಕೆ ನೇತುಹಾಕಿದ್ರಲ್ಲ, ನೋಡಿದೆಯಾ? ಹೋಗಮ್ಮ, ಗಟ್ಟಿಯಾಗಿ ಮಾತಾಡಬೇಡ."

ಅವಳು ನೋಡಿದ್ದಳು. ಅಡುಗೆಮನೆಗೆ ತಿರುಗಿ ಬಂದಳು. ಅಲ್ವಿನ್‌ನನ್ನು ಬಚ್ಚಿಡುವ ಯೋಚನೆ ಬಂತು. ಆದರೆ ಖಾಲಿ ಊರಲ್ಲಿ ಎಲ್ಲಿ ಬಚ್ಚಿಡುವುದು? ಪ್ರತಿ ಮನೆಯ ಬಾಗಿಲೂ ಬಾಯಿ ತೆರೆದು ನಿಂತಿತ್ತು.

"ಏನೂ ಆಗಲ್ಲ ಬಿಡಮ್ಮ, ಇವನ ಬೆನ್ನ ಹಿಂದೆ ನಾನಿಲ್ವಾ?" ಎಂದು ಎವಾಲ್ಡ್ ನಗುತ್ತಲೇ ಮೇಲೆ ಹತ್ತಿದ. ಟ್ಯಾಂಕು ಗುಡ್ಡದತ್ತ ಹೊರಟಿತು. ಹೆರ್ಮೀನ ಏಪ್ರನ್ ಬಿಚ್ಚದೆ ಅದರ ಹಿಂದೆಯೇ ನಡೆದಳು. ಯಾರೂ ತಡೆಯಲಿಲ್ಲ.

ಶತ್ರು ಕಣ್ಣಿಗೆ ಬೀಳುವ ಮೊದಲೇ, ಏರಿನ ನಡುವೆ, ಇಂಜಿನ್ನಿನ ಜಾಲರಿಯಿಂದ ಹೊಗೆ ಎದ್ದಿತು. ಹಿಂದೆಯೇ ಬೆಂಕಿ. ಅಲ್ವಿನ್ ಮುಂದಿನ ಬಾಗಿಲಿನಿಂದ ಹೊರಗುರುಳಿದ. ಎರಡೂ ಅಂಗೈ ಸುಟ್ಟಿದ್ದವು. ಫಿರಂಗಿಯ ಹಿಂದೆ ಕೂತಿದ್ದ ಎವಾಲ್ಡ್‌ಗೆ ದಾರಿ ಸಿಗಲಿಲ್ಲ. ಒಳಗಿನಿಂದ ಅವನ ಕೂಗು ಬಹಳ ಹೊತ್ತು ಕೇಳಿಸಿತು. ಮತ್ತೆ ಮೇಲೇರಹೋದ ಗಂಡನನ್ನು ಹೆರ್ಮೀನ ಸೊಂಟ ಹಿಡಿದು ಎಳೆದಳು, ನೆಲಕ್ಕೆ ಕೆಡವಿ ಮೇಲೆ ಬಿದ್ದಳು.

ಕೆಲವೇ ದಿನಗಳಲ್ಲಿ ಅಮೆರಿಕನ್ನರು ಬಂದರು, ಆಮೇಲೆ ಇಂಗ್ಲಿಷರು. ಶೆಡ್ಡಿನಲ್ಲಿದ್ದ ಅರ್ಧ ಟ್ಯಾಂಕನ್ನು ಹೊತ್ತೊಯ್ದರು. ಊರನ್ನು ಮಾತ್ರ ತಿರುಗಿ ಕೊಡಲಿಲ್ಲ. ಅವರಿಗೂ ಗುಂಡು ಹಾರಿಸಲು ಬಯಲು ಬೇಕಿತ್ತು. ಗಂಡಹೆಂಡಿರು ಪಕ್ಕದ ಪೇಟೆಯಲ್ಲಿ ನಾವಿದ್ದ ಮನೆಯ ಮಹಡಿಯ ಕೋಣೆಗೆ ಬಂದು ನೆಲೆಸಿದರು. ಈ ಸಂಗತಿಯನ್ನೆಲ್ಲ ಹೆರ್ಮೀನ ಹೇಳಿದ್ದು ನನ್ನ ತಾಯಿಗೆ.

ಒಂದು ಮಧ್ಯಾಹ್ನ ಎವಾಲ್ಡ್‌ನ ತಾಯಿ ಹುಡುಕಿಕೊಂಡು ಬಂದಳು. ಕೂತವಳು ಕೋಟನ್ನೂ ತೆಗೆಯಲಿಲ್ಲ.

"ಒಂದೇ ಮಾತು ಕೇಳ್ತೀನಪ್ಪ. ನನ್ನ ಮಗ ನರಳಿದನಾ?"

ಅಲ್ವಿನ್ ಸುಟ್ಟ ಅಂಗೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡ.

"ಇಲ್ಲಮ್ಮ," ಎಂದಳು ಹೆರ್ಮೀನ. "ನಾನು ಅಲ್ಲೇ ಇದ್ದೆ. ಒಂದು ಸದ್ದೂ ಬರಲಿಲ್ಲ."

ಮುದುಕಿ ಅವಳ ಮುಖವನ್ನೇ ಬಹಳ ಹೊತ್ತು ದಿಟ್ಟಿಸಿದಳು. ಆಮೇಲೆ ನಿಧಾನವಾಗಿ ಕೋಟಿನ ಗುಂಡಿಗಳನ್ನು ಬಿಚ್ಚತೊಡಗಿದಳು.